"ಸ್ಪೀಕರ್ 100 ವಾಟ್, ಆಂಪೂ 100 ವಾಟೇ ಬೇಕಾ?"

ಆಂಪ್ (ಸ್ಪೀಕರಿಗೆ ಪವರ್ ಕೊಡುವ ಆಂಪ್ಲಿಫಯರ್) ಬಗ್ಗೆ ಈ ಪ್ರಶ್ನೆ ಮತ್ತೆ ಬಂದಿದೆ. ಈ ಸಲ ಶಿರಸಿಯಿಂದ. ಹಿಂದೆ ಕುಮಟಾದಿಂದ ಬಂದಿತ್ತು, ಕಾರವಾರದಿಂದಲೂ ಬಂದಿತ್ತು. "ಕೆಇಎಫ್ ಎಲ್‌ಎಸ್50 ಮೆಟಾ ಸ್ಪೀಕರ್ ತಗೊಂಡೆ ಸರ್. 40ರಿಂದ 100 ವಾಟ್ ಅಂತ ಬರೆದಿದ್ದಾರೆ. 150 ವಾಟಿನ ಆಂಪ್ ಹಾಕಿದರೆ ಸುಟ್ಟು ಹೋಗುತ್ತಂತೆ, ಹೌದಾ?"

ಅಲ್ಲ ಮಾರಾಯ್ರೆ. ಎಷ್ಟು ಸಲ ಹೇಳಲಿ!

ಸ್ಪೀಕರ್ ಮೇಲಿನ ವಾಟ್ ಅಂದರೆ ಅದು ತಡೆದುಕೊಳ್ಳುವ ಅಳತೆ. ಅದಕ್ಕೆ ದಿನವೂ ಅಷ್ಟು ಉಣಿಸಬೇಕು ಅಂತ ಅಲ್ಲ. ಹಳ್ಳದ ಸಂಕದ ಮೇಲೆ 'ಗರಿಷ್ಠ 10 ಟನ್' ಅಂತ ಬೋರ್ಡ್ ಇದ್ದರೆ, ನಾವು ಸ್ಕೂಟರ್ ತಗೊಂಡು ಹೋಗುವುದಿಲ್ಲವಾ? ಆಂಪಿನ 150 ವಾಟೂ ಹಾಗೇ, ಅದು ಕೊಡಬಲ್ಲದ್ದರ ಮಿತಿ. ಎಷ್ಟು ಕೊಡಬೇಕು ಅನ್ನುವುದು ನಿಮ್ಮ ಕೈಯಲ್ಲಿರುವ ವಾಲ್ಯೂಮ್ ಮತ್ತು ಆ ಕ್ಷಣದ ಹಾಡಿನ ಮೇಲೆ ಹೋಗುತ್ತದೆ.

ಲೆಕ್ಕ ನೋಡಿ. ಎಲ್‌ಎಸ್50 ಮೆಟಾದ ಸೆನ್ಸಿಟಿವಿಟಿ 85 ಡೆಸಿಬಲ್ (ಸದ್ದಿನ ಅಳತೆ). ಅಂದರೆ ಸುಮಾರು 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಅಷ್ಟು ಸದ್ದು. ನೀವು ಕೂರುವುದು ಎಂಟೊಂಬತ್ತು ಅಡಿ ಹಿಂದೆ. ದೂರಕ್ಕೆ ಸ್ವಲ್ಪ ಕಳೆಯಿರಿ, ಎರಡು ಸ್ಪೀಕರ್ ಇದೆ ಅಂತ ಸ್ವಲ್ಪ ಕೂಡಿಸಿ. ಕಿವಿಗೆ ಸುಮಾರು 80 ಬರುತ್ತದೆ. ಮನೆಯಲ್ಲಿ ಚೆನ್ನಾಗಿಯೇ ಹಾಕಿ ಕೇಳುವ ಮಟ್ಟ 75ರ ಹತ್ತಿರ. ಅಂದರೆ ಅರ್ಧ ವಾಟೂ ಬೇಡ. ನೀವು 150 ವಾಟಿಗೆ ಹೆದರುತ್ತಾ ಕೂತಿದ್ದೀರಿ!

ಹಾಗಾದರೆ ಅಷ್ಟು ದೊಡ್ಡ ಆಂಪ್ ಯಾಕೆ? ಚಂಡೆಗೆ. ಯಕ್ಷಗಾನದ ಒಳ್ಳೆಯ ರೆಕಾರ್ಡಿಂಗ್ ಹಾಕಿ. ಭಾಗವತರು ಹಾಡುವಾಗ ಸದ್ದಿನ ಮೀಟರಿನ ಮುಳ್ಳು ಕೆಳಗೇ ಓಡಾಡುತ್ತಿರುತ್ತದೆ, ಚಂಡೆಗೆ ಕೋಲು ಬಿದ್ದ ಕ್ಷಣ ಛಂಗನೆ ಮೇಲೆ ಹಾರುತ್ತದೆ. ಅದು 20 ಡೆಸಿಬಲ್ ಹಾರಿದರೆ, ಆ ಒಂದು ಪೆಟ್ಟಿಗೆ ನೂರು ಪಟ್ಟು ವಾಟ್ ಬೇಕು. ನಮ್ಮ ಲೆಕ್ಕದಲ್ಲಿ ಸುಮಾರು 30 ವಾಟ್, ಕಣ್ಣು ಮಿಟುಕಿಸುವಷ್ಟು ಹೊತ್ತು. ಆಂಪಿನಲ್ಲಿ ಅಷ್ಟಿಲ್ಲದಿದ್ದರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಅದನ್ನೇ ಕ್ಲಿಪ್ಪಿಂಗ್ ಅನ್ನುವುದು. ಚಂಡೆಯ ಸದ್ದು ತಗಡು ಬಡಿದ ಹಾಗೆ ಕೇಳುತ್ತದೆ.

ಇನ್ನು ಸುಡುವ ಕಥೆ. ಪುಟ್ಟ ಆಂಪನ್ನು ಕೊನೆಯವರೆಗೆ ತಿರುಗಿಸಿ ಗಂಟೆಗಟ್ಟಲೆ ಕಿರುಚಿಸಿದರೆ, ಕತ್ತರಿಸಿದ ಅಲೆಯಿಂದ ಬೇಡದ ಮೇಲು ಸ್ವರಗಳೆಲ್ಲ ಹುಟ್ಟಿ ಟ್ವೀಟರಿಗೆ (ಮೇಲು ಸ್ವರ ನುಡಿಸುವ ಪುಟ್ಟ ಸ್ಪೀಕರಿಗೆ) ಹೋಗುತ್ತವೆ. ಅದರೊಳಗಿನ ತಂತಿ ತೀರಾ ತೆಳು, ಬಿಸಿಯಾಗಿ ಹೋಗಿಬಿಡುತ್ತದೆ. ಹಾಗಾಗಿ ಹಿತಮಿತವಾಗಿ ಕೇಳುವವನ 150 ವಾಟಿಗಿಂತ, ಹುಚ್ಚಾಪಟ್ಟೆ ಹಾಕುವವನ 20 ವಾಟೇ ಅಪಾಯ. ದೊಡ್ಡ ಆಂಪಿನಿಂದ ಸುಡುವುದೇ ಇಲ್ಲ ಅಂತಲ್ಲ. ಪೂರ್ತಿ ತಿರುಗಿಸಿಟ್ಟರೆ ಸುಡುತ್ತದೆ. ಆದರೆ ಅದಕ್ಕಿಂತ ಎಷ್ಟೋ ಮೊದಲೇ ನೀವು ಕಿವಿ ಮುಚ್ಚಿಕೊಂಡು ಎದ್ದು ಹೋಗಿರುತ್ತೀರಿ.

ವಾಟಿಗೆ ವಾಟ್ ಜೋಡಿಸುವ ಈ ಸೂತ್ರ ಬಂದದ್ದು ಮೈಕ್ ಸೆಟ್ಟಿನವರಿಂದ ಅಂತ ನನ್ನ ಗುಮಾನಿ. ಅವರು ಹೇಳುವುದು ಅವರ ಮಟ್ಟಿಗೆ ಸರಿ. ಬಯಲಲ್ಲಿ, ಚಪ್ಪರದಲ್ಲಿ, ಬೆಳಗಿನವರೆಗೆ ಜೋರಾಗಿ ಓಡಿಸುವವರಿಗೆ ಆ ಲೆಕ್ಕ ಬೇಕು. ನಿಮ್ಮ 12 ಅಡಿ ಕೋಣೆಗೆ ಯಾಕೆ?

ನೋಡಬೇಕಾದ್ದು ಎರಡು. ಒಂದು, ಈಗ ಹೇಳಿದ ಸೆನ್ಸಿಟಿವಿಟಿ. ಕ್ಲಿಪ್ಶ್ ಹೆರೆಸಿಯಂಥ ಹಾರ್ನ್ ಸ್ಪೀಕರಿಗೆ ಕಂಪನಿಯವರು ಕೊಡುವ ಅಂಕಿ 99 ಡೆಸಿಬಲ್. ಎಲ್‌ಎಸ್50ಗೆ 30 ವಾಟ್ ಬೇಕಾದ ಅದೇ ಚಂಡೆ ಪೆಟ್ಟಿಗೆ ಇಲ್ಲಿ ಒಂದೂವರೆ ವಾಟ್ ಸಾಕು. 8 ವಾಟಿನ ಟ್ಯೂಬ್ ಆಂಪ್ ಇಟ್ಟುಕೊಂಡು ಸುಖವಾಗಿರುವವರು ಇಂಥ ಸ್ಪೀಕರಿನವರೇ. ಎರಡು, ಇಂಪಿಡೆನ್ಸ್, ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆ. ಅದರ ಅಳತೆ ಓಮ್. ಎಲ್‌ಎಸ್50 ಮೆಟಾ 8 ಓಮ್ ಅಂತ ಇದ್ದರೂ ಕೆಲವು ಸ್ವರಗಳಲ್ಲಿ 3.5ಕ್ಕೆ ಇಳಿಯುತ್ತದೆ. ಆಗ ಆಂಪ್ ಜಾಸ್ತಿ ಕರೆಂಟ್ ಕೊಡಬೇಕು. 8 ಓಮಿಗೆ 80 ವಾಟ್, 4 ಓಮಿಗೆ 140-150 ಅಂತ ಎರಡೂ ಬರೆದಿದ್ದರೆ ಅದರ ಪವರ್ ಸಪ್ಲೈ ಗಟ್ಟಿ ಅಂತ ತಿಳಿಯಿರಿ. 4 ಓಮಿನ ಅಂಕಿಯನ್ನೇ ಮುಚ್ಚಿಟ್ಟಿದ್ದರೆ ಅಂಗಡಿಯವರನ್ನು ಕೇಳಿ. ಪಿಎಂಪಿಓ (ಜಾಹೀರಾತಿಗೆ ಉಬ್ಬಿಸಿ ಹೇಳುವ ವಾಟ್) ಅಂತ ಸಾವಿರಗಟ್ಟಲೆ ಬರೆದಿದ್ದರೆ ಸುಮ್ನೆ ಎದ್ದು ಬನ್ನಿ.

ಹಾಗಾಗಿ ಶಿರಸಿಯವರಿಗೆ ಉತ್ತರ: 4 ಓಮ್ ತಾಳುವ 60ರಿಂದ 150 ವಾಟಿನ ಒಳಗಿನ ಯಾವುದಾದರೂ ಒಳ್ಳೆಯ ಆಂಪ್. ಹಳೇ ಮನೆಯ ದೊಡ್ಡ ಜಗಲಿಯಲ್ಲಿ ಇಡುವುದಾದರೆ ಮೇಲಿನ ಅಂಕಿಗೇ ಹೋಗಿ, ಅಲ್ಲಿ ಸದ್ದು ಎಲ್ಲಾ ಕಡೆ ಹರಡಿ ಹೋಗುತ್ತದೆ. ಆದರೆ 75 ವಾಟಿಗೂ 150ಕ್ಕೂ ನಡುವೆ ಇರುವುದು ಬರೀ 3 ಡೆಸಿಬಲ್. ಸದ್ದು ಡಬಲ್ ಆಯಿತು ಅನ್ನಿಸಬೇಕಾದರೆ ವಾಟ್ ಹತ್ತು ಪಟ್ಟು ಆಗಬೇಕು. ಆ 3 ಡೆಸಿಬಲ್ಲಿಗೆ ಸಾಲ ಮಾಡಬೇಡಿ.

ಕೇಳಿಲ್ಲ, ಆದರೂ ಹೇಳುತ್ತೇನೆ. ಇಷ್ಟೆಲ್ಲ ಮಾಡಿದವರು ಆಮೇಲೆ ಸ್ಪೀಕರ್ ವೈರಿಗೆ ಆಂಪಿನ ಅರ್ಧ ದುಡ್ಡು ಸುರಿಯುತ್ತಾರೆ. ಬೇಡ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 2.5 ಚದರ ಮಿಲಿಮೀಟರಿನ ತಾಮ್ರದ ವೈರ್ ಸಾಕು. ಐದು ಮೀಟರ್ ಎಳೆದರೆ, ಹೋಗಿ ಬರುವ ಎರಡೂ ಎಳೆ ಸೇರಿ ರೆಸಿಸ್ಟೆನ್ಸ್ 0.07 ಓಮ್ ಸುತ್ತಮುತ್ತ, 4 ಓಮಿನ ಮುಂದೆ ಅದು ಏನೂ ಅಲ್ಲ. ಆದರೆ ಕಾರವಾರ, ಅಂಕೋಲಾ ಕಡೆ ಕಡಲಿಗೆ ಹತ್ತಿರ ಇರುವವರು ಒಂದು ನೋಡಿಕೊಳ್ಳಿ: ಉಪ್ಪು ಗಾಳಿಗೆ ವೈರಿನ ಬರಿ ತುದಿ ಕಪ್ಪಾಗಿ, ಆಮೇಲೆ ಹಸಿರು ಹಿಡಿಯುತ್ತದೆ. ಒಂದು ಕಡೆ ಸದ್ದು ಕರಕರ ಅಂತ ಬಿಟ್ಟು ಬಿಟ್ಟು ಬಂದರೆ ಆಂಪ್ ಹೊತ್ತುಕೊಂಡು ರಿಪೇರಿಗೆ ಓಡಬೇಡಿ. ಸ್ವಿಚ್ ಆಫ್ ಮಾಡಿ, ಹಸಿರಾದಷ್ಟು ತುದಿ ಕತ್ತರಿಸಿ, ಹೊಸದಾಗಿ ಸುಲಿದು, ಬಿಗಿಯಾಗಿ ತಿರುಗಿಸಿ. ಒಂದೆಳೆ ತಂತಿಯೂ ಪಕ್ಕದ ಟರ್ಮಿನಲ್ಲಿಗೆ ತಾಗದ ಹಾಗೆ ನೋಡಿಕೊಳ್ಳಿ. ಮಳೆಗಾಲ ಮುಗಿದ ಮೇಲೊಮ್ಮೆ ಇಷ್ಟು ಮಾಡಿದರೆ ಸಾಕು.