ಚೊಗರು, ಸುಣ್ಣ, ತುಕ್ಕು: ಒಂದು ಮಿಕ್ಸೆಡ್ ಮೀಡಿಯಾ ಚಿತ್ರ ಹುಟ್ಟುವ ಬಗೆ

ಪ್ರದರ್ಶನಕ್ಕೆ ಬಂದವರು ನನ್ನ ಚಿತ್ರದ ಮುಂದೆ ನಿಂತು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, "ಇದಕ್ಕೆ ಏನೇನು ಹಾಕಿದ್ದೀರಿ?" ಒಳ್ಳೆಯ ಪ್ರಶ್ನೆಯೇ. ಆದರೆ ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು: ಅದನ್ನೇ ಯಾಕೆ ಹಾಕಿದಿರಿ? ಕಾಗದ, ಬಟ್ಟೆ, ದಾರ, ಮರಳು, ತಗಡು, ಯಾವುದನ್ನು ಬೇಕಾದರೂ ಹಲಗೆಗೆ ಅಂಟಿಸಬಹುದು. ತಡೆಯುವವರು ಯಾರೂ ಇಲ್ಲ. ಹಾಗಾಗಿಯೇ ಹಲವು ವಸ್ತು ಬೆರೆಸುವ ಈ ಮಿಕ್ಸೆಡ್ ಮೀಡಿಯಾದಲ್ಲಿ ಆಯ್ಕೆ ಕಷ್ಟ. ನನ್ನ ಅನುಭವದಲ್ಲಿ, ಚಿತ್ರ ಬರೆಯುವವರ ಕೈಗೆ ಮೊದಲೇ ಚೆನ್ನಾಗಿ ಗೊತ್ತಿದ್ದ ವಸ್ತು ಚಿತ್ರದೊಳಗೆ ಕೆಲಸ ಮಾಡುತ್ತದೆ. ಸುಮ್ನೆ ಚೆನ್ನಾಗಿ ಕಾಣುತ್ತದೆ ಅಂತ ತಂದದ್ದು ಮೇಲೆ ಕೂತಿರುತ್ತದೆ, ಅಷ್ಟೇ.

ಇದು ನನ್ನೊಬ್ಬಳ ಮಾತಲ್ಲ. ಚಿತ್ರದ ಇತಿಹಾಸ ನೋಡಿದರೂ ಹೀಗೇ ಕಾಣುತ್ತದೆ. 1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆ ಅಚ್ಚು ಹಾಕಿದ ಎಣ್ಣೆಬಟ್ಟೆಯ ತುಂಡೊಂದನ್ನು ಸಣ್ಣ ಅಂಡಾಕಾರದ ಚಿತ್ರಕ್ಕೆ ಅಂಟಿಸಿ, ಸುತ್ತ ಹಗ್ಗವನ್ನೇ ಚೌಕಟ್ಟಾಗಿ ಕಟ್ಟಿದ. ಈ ಕಥೆ ಎಲ್ಲ ಕಲಾ ಶಾಲೆಗಳಲ್ಲೂ ಹೇಳುತ್ತಾರೆ. ನನಗೆ ಜಾಸ್ತಿ ಇಷ್ಟ ಆಗುವುದು ಅವನ ಗೆಳೆಯ ಬ್ರಾಕ್‌ನ ಕಥೆ. ಬ್ರಾಕ್‌ನ ಅಪ್ಪ, ಅಜ್ಜ ಇಬ್ಬರೂ ಮನೆಗಳಿಗೆ ಬಣ್ಣ ಹೊಡೆಯುವವರು. ಅವನೂ ಅದೇ ಕೆಲಸ ಕಲಿತ. ಹಸಿ ಬಣ್ಣದ ಮೇಲೆ ಬಾಚಣಿಗೆ ಎಳೆದು ಸಾದಾ ಬಾಗಿಲು ತೇಗದ್ದೋ ಓಕ್ ಮರದ್ದೋ ಅನ್ನಿಸುವ ಹಾಗೆ ಗೆರೆ ಮೂಡಿಸುವುದು ಆ ಕಸುಬಿನ ಭಾಗ. 1912ರ ಶರತ್ಕಾಲದಲ್ಲಿ ಫ್ರಾನ್ಸಿನ ದಕ್ಷಿಣದ ಸೋರ್ಗ್ ಊರಲ್ಲಿದ್ದಾಗ, ಪಕ್ಕದ ಆವಿನ್ಯೋನ್ ಪಟ್ಟಣದ ಅಂಗಡಿಯಲ್ಲಿ ಮರದ ಗೆರೆ ಅಚ್ಚು ಹಾಕಿದ ಗೋಡೆಕಾಗದ ಅವನ ಕಣ್ಣಿಗೆ ಬಿತ್ತು. ಅದನ್ನು ಕತ್ತರಿಸಿ ಅಂಟಿಸಿ, ಮೇಲೆ ಇದ್ದಿಲಿನಲ್ಲಿ ಹಣ್ಣಿನ ಬಟ್ಟಲು, ಲೋಟ ಬರೆದ. ಆ ಕಾಗದ ಬೇರೆ ಯಾರ ಕಣ್ಣಿಗೂ ಅಷ್ಟು ಬೇಗ ಬೀಳುತ್ತಿರಲಿಲ್ಲ. ಬಣ್ಣಕ್ಕೆ ಮರಳು ಬೆರೆಸಿ ಬಳಿಯುವ ಅಭ್ಯಾಸ ಅವನ ಚಿತ್ರಕ್ಕೆ ಬಂದದ್ದೂ ಆ ವರ್ಷಗಳಲ್ಲೇ.

ನಮ್ಮಲ್ಲಿ ಶೀಲಾ ಗೌಡ ಅವರನ್ನು ನೋಡಿ. ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾ ಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಕಲಿತು, ಚಿತ್ರಕಾರರಾಗಿಯೇ ಶುರು ಮಾಡಿದವರು. 1990ರ ದಶಕದಲ್ಲಿ ಅವರು ಸಗಣಿಯನ್ನು ಕೈಗೆತ್ತಿಕೊಂಡರು. ಆಮೇಲೆ ದಾರ, ಸೂಜಿ, ಕುಂಕುಮ ಬಂದವು. ಸೂಜಿಗಳ ಕಣ್ಣಲ್ಲಿ ದಾರ ಪೋಣಿಸಿ, ಎಲ್ಲ ದಾರಗಳನ್ನೂ ಸೇರಿಸಿ, ಕುಂಕುಮ ಮತ್ತು ಅಂಟಿನಲ್ಲಿ ಅದ್ದಿದ ಉದ್ದನೆಯ ಕೆಂಪು ಹಗ್ಗ ಕೋಣೆಯ ತುಂಬ ಹರಡಿಕೊಂಡಿರುತ್ತದೆ. ಸಗಣಿ, ಕುಂಕುಮ, ಸೂಜಿ ಈ ನಾಡಿನ ಹೆಂಗಸರ ಕೈಗೆ ದಿನಾ ಬರುವ ವಸ್ತುಗಳು. ಅದಕ್ಕೇ ಆ ಹಗ್ಗದ ಭಾರ ನೋಡುವವರಿಗೆ ಕೂಡಲೇ ತಟ್ಟುತ್ತದೆ.

ನನ್ನ ಹಿನ್ನೆಲೆ ಸಾಗರದ ಕಡೆಯ ಅಡಿಕೆ ತೋಟ. ಸುಗ್ಗಿಯಲ್ಲಿ ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಹೆಂಗಸರು ಅಡಿಕೆ ಸುಲಿಯುತ್ತಿದ್ದರು. ಸುಲಿದ ಹಸಿ ಅಡಿಕೆ ಹಂಡೆಗೆ ಹೋಗಿ ಬೇಯುತ್ತಿತ್ತು. ಬೇಯಿಸಿದ ನೀರು ಗಟ್ಟಿಯಾಗಿ, ಕಡು ಕೆಂಪಾಗಿ ಉಳಿಯುತ್ತಿತ್ತು. ಅದೇ ಚೊಗರು. ಅಡಿಕೆಗೆ ಕೆಂಪು ಬಣ್ಣ ಹಿಡಿಸಲು ಅದನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದರು. ಬಟ್ಟೆಗೆ ಬಿದ್ದರೆ ಕಲೆ ಹೋಗುತ್ತಲೇ ಇರಲಿಲ್ಲ. ಹೆಗ್ಗೋಡಿನ ಚರಕ ಸಂಸ್ಥೆಯವರು ಈ ಚೊಗರಿನಿಂದಲೇ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕುತ್ತಾರೆ. ಹೋಗದ ಕಲೆ ಅಂದರೆ ಬಣ್ಣವೇ ಅಲ್ವಾ? ನಾನು ಅದನ್ನು ಕಾಗದದ ಮೇಲೆ ಹರಿಯಬಿಟ್ಟೆ.

ಚೊಗರಿನಲ್ಲಿ ಇರುವುದು ಮುಖ್ಯವಾಗಿ ಟ್ಯಾನಿನ್, ಅಂದರೆ ಒಗರಿನ ಅಂಶ. ತೆಳುವಾಗಿ ಒಂದು ಸಲ ಬಳಿದರೆ ಮಾಸಲು ಗುಲಾಬಿ. ಒಣಗಿದ ಮೇಲೆ ಮತ್ತೆ ಬಳಿದರೆ ಇಟ್ಟಿಗೆ ಬಣ್ಣ. ಪದರ ಹೆಚ್ಚಿದಂತೆ ಕಂದು ದಟ್ಟವಾಗುತ್ತದೆ. ಟ್ಯಾನಿನ್ನಿಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಹಳೆ ಮೊಳೆಗಳನ್ನು ವಿನೆಗರ್‌ನಲ್ಲಿ ಕೆಲವು ದಿನ ನೆನೆಹಾಕಿ, ಆ ನೀರನ್ನು ಸೋಸಿ, ಒಣಗಿದ ಚೊಗರಿನ ಮೇಲೆ ಬ್ರಷ್‌ನಿಂದ ಎಳೆದರೆ ಗೆರೆ ನೋಡುತ್ತಿದ್ದಂತೆಯೇ ಬೂದು ಬಣ್ಣಕ್ಕೆ, ಆಮೇಲೆ ಕಪ್ಪಿಗೆ ತಿರುಗುತ್ತದೆ. ಟ್ಯೂಬಿನ ಕಪ್ಪು ಬಣ್ಣಕ್ಕೆ ಈ ಆಳ ಇಲ್ಲ. ಇದು ಮೇಲೆ ಕೂರುವುದಿಲ್ಲ, ಕಾಗದದ ನಾರಿನೊಳಗೇ ಹುಟ್ಟುತ್ತದೆ.

ಸುಣ್ಣದ ಜೊತೆ ಚೊಗರು ಇನ್ನೊಂದು ಥರ ವರ್ತಿಸುತ್ತದೆ. ಎಲೆ ಅಡಿಕೆ ಹಾಕುವಾಗ ಬಾಯಿ ಕೆಂಪಾಗುವುದು ಅಡಿಕೆಗೆ ಸುಣ್ಣ ಸೇರಿದ್ದರಿಂದ. ಹಲಗೆಯ ಮೇಲೂ ಅದೇ ಕ್ರಿಯೆ. ತಿಳಿ ಸುಣ್ಣದ ನೀರನ್ನು ಎಲ್ಲಿ ಮುಟ್ಟಿಸುತ್ತೇನೋ ಅಲ್ಲಿ ಕಂದು ಕೆಂಪಿನ ಕಡೆಗೆ ವಾಲುತ್ತದೆ. ಹೀಗೆ ಒಂದೇ ದ್ರವದಿಂದ, ಪಕ್ಕದಲ್ಲಿ ಏನಿದೆ ಅನ್ನುವುದರ ಮೇಲೆ, ಗುಲಾಬಿ, ಕಂದು, ಕೆಂಪು, ಕಪ್ಪು ಸಿಗುತ್ತವೆ. ನನ್ನ ಎಷ್ಟೋ ಚಿತ್ರಗಳಿಗೆ ಇಷ್ಟೇ ಬಣ್ಣ ಸಾಕು.

ಕಬ್ಬಿಣದ ನೀರು ಜಾಸ್ತಿ ಆಗಬಾರದು. ಯುರೋಪಿನ ಹಳೆಯ ಹಸ್ತಪ್ರತಿಗಳನ್ನು ಬರೆದದ್ದು ಕಬ್ಬಿಣ ಮತ್ತು ಟ್ಯಾನಿನ್ ಸೇರಿದ ಮಸಿಯಲ್ಲಿ. ಅವುಗಳಲ್ಲಿ ಕೆಲವು ಕಡೆ ಮಸಿ ಕಾಗದವನ್ನೇ ತಿಂದು, ಅಕ್ಷರ ಇದ್ದಲ್ಲಿ ತೂತು ಬಿದ್ದಿದೆ. ಅದಕ್ಕೆ ನಾನು ಚೊಗರು ಬಳಿಯುವ ಕಾಗದ ಹತ್ತಿಯದ್ದೇ ಆಗಿರಬೇಕು, ಅಡಿಯಲ್ಲಿ ಸೀಮೆಸುಣ್ಣದ ಪುಡಿ ಬೆರೆತ ಪದರ ಇರಬೇಕು ಅಂತ ನೋಡಿಕೊಳ್ಳುತ್ತೇನೆ. ಆ ಪುಡಿ ಮಸಿಯ ಹುಳಿಯನ್ನು (ಆಮ್ಲವನ್ನು) ಸ್ವಲ್ಪ ಮಟ್ಟಿಗೆ ಹೀರಿಕೊಳ್ಳುತ್ತದೆ. ಪ್ರತಿ ಹೊಸ ಚೊಗರನ್ನೂ ಮೊದಲು ತುಂಡು ಕಾಗದದ ಮೇಲೆ ಬಳಿದು, ತಾರೀಖು ಬರೆದು, ಕಿಟಕಿಯ ಬಳಿ ಅಂಟಿಸಿಡುತ್ತೇನೆ. ಅರ್ಧ ಭಾಗ ಮುಚ್ಚಿ, ಅರ್ಧ ಬೆಳಕಿಗೆ. ಬೆಳಕಿನಲ್ಲಿ ಬಣ್ಣ ಎಷ್ಟು ಬದಲಾಗುತ್ತದೆ ಅಂತ ಅದೇ ಹೇಳುತ್ತದೆ.

ಇನ್ನು ಅಡಿಪಾಯ. ಕ್ಯಾನ್ವಾಸ್ ಬಾಗುತ್ತದೆ, ಅದುರುತ್ತದೆ. ಅಂಟಿಸಿದ ಕಾಗದದ ಮೇಲೆ ದಪ್ಪ ಪದರ ಕೂತರೆ ಮುಂದೆ ಬಿರುಕು ಬಿಡುತ್ತದೆ. ಹಾಗಾಗಿ ಕೊಲಾಜ್, ಅಂದರೆ ತುಂಡುಗಳನ್ನು ಅಂಟಿಸುವ ಕೆಲಸ, ಇರುವ ಚಿತ್ರಕ್ಕೆ ನಾನು ಪ್ಲೈವುಡ್ ಹಲಗೆಯನ್ನೇ ಹಿಡಿಯುತ್ತೇನೆ. ಅಂಚು ಮತ್ತು ಹಿಂಭಾಗಕ್ಕೂ ಅಕ್ರಿಲಿಕ್ ಮೀಡಿಯಂ (ಬಣ್ಣ ಬೆರೆಸದ ಅಕ್ರಿಲಿಕ್ ಅಂಟು) ಬಳಿಯಬೇಕು. ಇಲ್ಲದಿದ್ದರೆ ಮಳೆಗಾಲದ ತೇವ ಅಲ್ಲಿಂದ ಒಳಗೆ ಹೋಗುತ್ತದೆ. ಒಂದೇ ಕಡೆ ಕಾಗದ ಅಂಟಿಸಿದರೆ ಅದು ಒಣಗುವಾಗ ಎಳೆದು ಹಲಗೆ ಬಾಗುತ್ತದೆ. ಹಿಂದೆಯೂ ಅಷ್ಟೇ ದಪ್ಪದ ಕಾಗದ ಅಂಟಿಸಿದರೆ ಎಳೆತ ಸಮ ಆಗುತ್ತದೆ. ಚಿತ್ರ ಕಲಿಯುವ ಮಕ್ಕಳು ಈ ಭಾಗವನ್ನು ಬೇಗ ಬೇಗ ಮುಗಿಸಲು ನೋಡುತ್ತಾರೆ. "ಮೇಡಂ, ಹಿಂದುಗಡೆ ಯಾರು ನೋಡ್ತಾರೆ?" ಅಂತ ಕೇಳುತ್ತಾರೆ. ಯಾರೂ ನೋಡುವುದಿಲ್ಲ, ನಿಜ. ಆದರೆ ಹಿಂದುಗಡೆ ಕೆಟ್ಟರೆ ಮುಂದುಗಡೆ ನೋಡಲು ಏನೂ ಉಳಿಯುವುದಿಲ್ಲ.

ಅಂಟಿನ ವಿಷಯದಲ್ಲಿ ನಮ್ಮ ಹಳೆ ಕಸುಬುದಾರರಿಂದ ಕಲಿಯಬೇಕಾದದ್ದು ತುಂಬಾ ಇದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗಳಿಗೆ ಹುಣಸೆ ಬೀಜದ ಅಂಟು ಬಳಸುತ್ತಾರೆ. ಒಡವೆಯ ಉಬ್ಬು ಕೆಲಸಕ್ಕೆ ಅಂಟಿಗೆ ಕಲ್ಲಿನ ಪುಡಿ ಬೆರೆಸುತ್ತಾರೆ. ಮೈಸೂರು ಚಿತ್ರದಲ್ಲಿ ಚಿನ್ನದ ರೇಕಿನ ಅಡಿಗೆ ಸಣ್ಣ ಉಬ್ಬು ಕೊಡಲು ಮಕ್ಕಿ ಸಫೇದ ಅನ್ನುವ ಬಿಳಿ ಪುಡಿಯನ್ನು ಗೋಂದಿನ ಜೊತೆ ಅರೆದು, ಕುಂಚದಲ್ಲಿ ಎಳೆಯುತ್ತಾರೆ. ಕಡತ ಅಂತೂ ನನಗೆ ಬಹಳ ಪ್ರಿಯವಾದ ವಸ್ತು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಹಾಕಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದಾಗ ಅಳಿಸಿ ಮತ್ತೆ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ಸಂಗ್ರಹ ಇದೆ. ಬಟ್ಟೆ, ಬೀಜ, ಇದ್ದಿಲು, ಕಲ್ಲು ನಾಲ್ಕೂ ಸೇರಿ ಒಂದು ಬರೆಯುವ ಮೈ ಆಗಿದೆ. ನನ್ನ ಚಿತ್ರಗಳ ಕಪ್ಪು ಪಟ್ಟಿಗಳು ಅಲ್ಲಿಂದ ಬಂದವು.

ಬೀಜದ ಅಂಟಾಗಲಿ ಮೈದಾ ಅಂಟಾಗಲಿ, ಹುಳಕ್ಕೂ ಬೂಷ್ಟಿಗೂ ಇಷ್ಟ. ಬೈಂಡಿಂಗ್ ಮಾಡುವವರು ಅಂಟು ಕಾಯಿಸುವಾಗ ಚೂರು ಮೈಲುತುತ್ತ ಹಾಕುತ್ತಿದ್ದರು. ಮೈಲುತುತ್ತ ನಮ್ಮ ಮನೆಯಲ್ಲಿ ಯಾವಾಗಲೂ ಇರುತ್ತಿತ್ತು. ಅಪ್ಪಯ್ಯ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುತ್ತಿದ್ದರು: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಸೂರು ಸಂಸ್ಥಾನದಲ್ಲಿ ಕೊಳೆರೋಗವನ್ನು ಅಧ್ಯಯನ ಮಾಡಿ ಈ ಔಷಧಿಯನ್ನು ತೋಟಗಳಿಗೆ ತಂದವರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್. ಅದಕ್ಕಿಂತ ಮುಂಚೆ ಮಳೆ ತಾಗದಂತೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುವುದೇ ದಾರಿ. ದ್ರಾವಣ ಕಲಸುವ ಜಾಗದ ಗೋಡೆ, ಕಲ್ಲು, ಡ್ರಮ್ಮು ಎಲ್ಲಾ ತಿಳಿ ನೀಲಿ ಆಗಿರುತ್ತಿತ್ತು. ನನ್ನ ಚಿತ್ರದಲ್ಲಿ ನೀಲಿ ಬಂದರೆ ಅದು ಆಕಾಶದ್ದಲ್ಲ, ಆ ಗೋಡೆಯದ್ದು. ಆದರೆ ಅಂಟಿಗೆ ಮೈಲುತುತ್ತ ನಾನು ಹಾಕುವುದಿಲ್ಲ. ತಾಮ್ರದ ಉಪ್ಪು ಕಾಲ ಕಳೆದಂತೆ ಕಾಗದದ ನಾರನ್ನು ಸಡಿಲ ಮಾಡುತ್ತದೆ. ಅದರ ಬದಲು ಒಂದೆರಡು ಹನಿ ಲವಂಗದ ಎಣ್ಣೆ. ನೀಲಿಯನ್ನು ಅಕ್ರಿಲಿಕ್‌ನಲ್ಲೇ ಕಲಸಿಕೊಳ್ಳುತ್ತೇನೆ.

ಕೊಲಾಜಿಗೆ ನಾನು ಬಳಸುವುದು ಅಡಿಕೆ ಲೆಕ್ಕದ ಪುಸ್ತಕದ ಹಾಳೆಗಳು. ಮಣ, ಕ್ವಿಂಟಾಲು, ಅಡಿಕೆಯ ಬಗೆಗಳಾದ ರಾಶಿ, ಬೆಟ್ಟೆ, ಗೊರಬಲು, ಯಾರಿಗೆ ಎಷ್ಟು ಕೂಲಿ. ಮೂಲ ಹಾಳೆಯನ್ನು ಯಾವತ್ತೂ ಅಂಟಿಸುವುದಿಲ್ಲ. ಅದು ಒಂದು ಮನೆತನದ ದಾಖಲೆ, ನನ್ನ ಚಿತ್ರಕ್ಕಿಂತ ಹೆಚ್ಚು ಕಾಲ ಬಾಳಬೇಕಾದದ್ದು. ಲೇಸರ್ ಪ್ರಿಂಟ್ ತೆಗೆದು, ಮಸಿಯನ್ನು ಮಾತ್ರ ಹಲಗೆಗೆ ಇಳಿಸುತ್ತೇನೆ. ಕಂಪ್ಯೂಟರಿನಲ್ಲಿ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಪ್ರಿಂಟ್ ತೆಗೆಯಬೇಕು, ಇಲ್ಲದಿದ್ದರೆ ಅಕ್ಷರ ಉಲ್ಟಾ ಬೀಳುತ್ತದೆ. ಹಲಗೆಗೆ ಅಕ್ರಿಲಿಕ್ ಮೀಡಿಯಂ ಬಳಿದು, ಹಸಿ ಇರುವಾಗಲೇ ಪ್ರಿಂಟನ್ನು ಮುಖ ಕೆಳಗೆ ಮಾಡಿ ಒತ್ತಿ, ಗಾಳಿಗುಳ್ಳೆ ಇಲ್ಲದಂತೆ ಸವರಿ, ಪೂರ್ತಿ ಒಣಗಲು ಬಿಡಬೇಕು. ಮಾರನೇ ದಿನ ಒದ್ದೆ ಬಟ್ಟೆಯಿಂದ ನೆನೆಸಿ, ಬೆರಳಿನಿಂದ ಮೆಲ್ಲಗೆ ಉಜ್ಜಿದರೆ ಕಾಗದ ಪುಡಿ ಪುಡಿಯಾಗಿ ಹೋಗಿ ಅಕ್ಷರ ಮಾತ್ರ ಮೀಡಿಯಂನಲ್ಲಿ ಉಳಿಯುತ್ತದೆ. ಅಡಿಯ ಚೊಗರು ಅಕ್ಷರಗಳ ನಡುವೆ ಕಾಣುತ್ತದೆ. ಇಂಕ್‌ಜೆಟ್ ಪ್ರಿಂಟಿನಲ್ಲಿ ಈ ಕೆಲಸ ಸರಿಯಾಗಿ ಆಗುವುದಿಲ್ಲ, ಅದರ ಶಾಯಿ ನೀರಿಗೆ ಹರಡುತ್ತದೆ. ದಿನಪತ್ರಿಕೆಯನ್ನು ನೇರವಾಗಿ ಅಂಟಿಸುವವರಿಗೂ ಒಂದು ಮಾತು: ಅದು ಹಳದಿಯಾಗಿ ಮುರಿಯುತ್ತದೆ. ಮೇಲೆ ಏನು ಬಳಿದರೂ ಒಳಗಿನ ಹುಳಿ ಒಳಗೇ ಇರುತ್ತದೆ.

ಸಾಗರದ ಸುತ್ತಮುತ್ತ ದೀವರು ಸಮುದಾಯದ ಮನೆಗಳಲ್ಲಿ ಹಸೆ ಚಿತ್ತಾರ ಬರೆಯುವ ಹೆಂಗಸರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಆ ಗೆರೆಯ ಶಿಸ್ತು ಬೆರಗು ಹುಟ್ಟಿಸುವಂಥದ್ದು. ನಾನು ಪುಂಡಿ ನಾರಿನ ಕುಂಚ ಬಳಸುತ್ತೇನೆ, ಅಷ್ಟು ನೇರವಾದ ತೆಳು ಗೆರೆ ಅಂಗಡಿಯ ಬ್ರಷ್‌ನಲ್ಲಿ ನನಗೆ ಬರುವುದಿಲ್ಲ. ಆದರೆ ಅವರ ಚಿತ್ತಾರದ ವಿನ್ಯಾಸವನ್ನು ಎತ್ತಿ ನನ್ನ ಚಿತ್ರದಲ್ಲಿ ಕೂರಿಸುವುದಿಲ್ಲ. ಮದುವೆ, ಹಬ್ಬಕ್ಕೆ ಬರೆಯುವ ಆ ವಿನ್ಯಾಸ ಅವರ ಬದುಕಿಗೆ ಸೇರಿದ್ದು. ನಗರದ ಗ್ಯಾಲರಿಯಲ್ಲಿ ಜನಪದದ ತುಣುಕನ್ನು ಅಲಂಕಾರಕ್ಕೆ ಅಂಟಿಸಿರುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ.

ಪದರಗಳ ಕ್ರಮ ತಪ್ಪಬಾರದು. ಮೊದಲು ಚೊಗರು, ಸುಣ್ಣ, ಕಬ್ಬಿಣದ ನೀರು. ಇವಕ್ಕೆ ಹೀರುವ ಮೈ ಬೇಕು. ಆಮೇಲೆ ಅಕ್ರಿಲಿಕ್, ಕೊಲಾಜ್. ಎಣ್ಣೆ ಬಣ್ಣ ಬೇಕಿದ್ದರೆ ಕೊನೆಗೆ. ಅಕ್ರಿಲಿಕ್ ಮೇಲೆ ಎಣ್ಣೆ ಹಿಡಿಯುತ್ತದೆ, ಎಣ್ಣೆಯ ಮೇಲೆ ಅಕ್ರಿಲಿಕ್ ಹಿಡಿಯುವುದಿಲ್ಲ, ಸಿಪ್ಪೆಯಂತೆ ಏಳುತ್ತದೆ. ಎಣ್ಣೆ ಬಣ್ಣ ಮುಟ್ಟಲು ಒಣಗಿದಂತೆ ಕಂಡರೂ ಒಳಗೆ ತಿಂಗಳುಗಟ್ಟಲೆ ಹಸಿ ಇರುತ್ತದೆ. ವಾರ್ನಿಷ್‌ಗೆ ಅವಸರ ಬೇಡ.

ಇಷ್ಟೆಲ್ಲ ಸೇರಿಸಿದ ಮೇಲೆ ತೆಗೆಯುವ ಕೆಲಸ ಶುರುವಾಗುತ್ತದೆ. ನನ್ನ ಹೆಚ್ಚಿನ ಸಮಯ ಹೋಗುವುದು ಇದಕ್ಕೇ. ಒಂದೊಂದು ಭಾಗವನ್ನೂ ಬಿಳಿ ಕಾಗದದಿಂದ ಮುಚ್ಚಿ ದೂರ ನಿಂತು ನೋಡುತ್ತೇನೆ. ಮುಚ್ಚಿದಾಗ ಚಿತ್ರಕ್ಕೆ ನಷ್ಟ ಆಗದಿದ್ದರೆ ಆ ಭಾಗ ಬೇಕಾಗಿರಲಿಲ್ಲ ಅಂತ ಅರ್ಥ. ಸ್ಯಾಂಡ್‌ಪೇಪರ್ ಹಿಡಿದು ಉಜ್ಜುತ್ತೇನೆ. ಉಜ್ಜಿದಾಗ ಅಡಿಯ ಪದರಗಳು ಮತ್ತೆ ಕಾಣಿಸುತ್ತವೆ, ಎಷ್ಟೋ ಸಲ ಚಿತ್ರ ಕೂಡಿಬರುವುದು ಆಗಲೇ. ಅಡಿಕೆ ಅಟ್ಟದ ಚಿತ್ರ ಬರೆಯುವಾಗ ಅಡಿಕೆ ಮರದ ಹಾಳೆಯನ್ನು ಅಂಟಿಸಬೇಕೆಂದು ತುಂಬಾ ಆಸೆ ಇತ್ತು. ಅಂಟಿಸಿದೆ, ಕೊನೆಗೆ ಕಿತ್ತೆ. ಅದು ಕಿತ್ತುಹೋದ ಜಾಗದಲ್ಲಿ ಉಳಿದ ಗೀರಿನ ಗುರುತು ಹಾಳೆಗಿಂತ ಚೆನ್ನಾಗಿ ಮಾತಾಡಿತು.

ಮುಗಿದ ಚಿತ್ರದ ಹಿಂದೆ ಎಲ್ಲ ವಸ್ತುಗಳ ಹೆಸರು, ಯಾವ ಕ್ರಮದಲ್ಲಿ ಬಳಿದದ್ದು, ಯಾವ ಅಂಟು, ಯಾವ ವರ್ಷದ ಚೊಗರು ಅಂತ ಪೆನ್ಸಿಲಿನಲ್ಲಿ ಬರೆಯುತ್ತೇನೆ. "ಮಿಕ್ಸೆಡ್ ಮೀಡಿಯಾ" ಅಂತ ಎರಡು ಪದ ಬರೆದು ಬಿಟ್ಟರೆ ಮುಂದೆ ಅದನ್ನು ದುರಸ್ತಿ ಮಾಡುವವರಿಗೆ ಏನೂ ತಿಳಿಯುವುದಿಲ್ಲ. ಕೊಂಡವರಿಗೆ ಹೇಳುವುದು ಎರಡೇ ಮಾತು. ಬಿಸಿಲು ನೇರವಾಗಿ ಬೀಳುವ ಗೋಡೆ ಬೇಡ. ಗಾಜು ಹಾಕಿಸಿದರೆ ಗಾಜಿಗೂ ಚಿತ್ರಕ್ಕೂ ನಡುವೆ ಅಂತರ ಇರಲಿ, ಇಲ್ಲದಿದ್ದರೆ ಮಳೆಗಾಲದಲ್ಲಿ ತೇವ ಒಳಗೆ ಸಿಕ್ಕಿಕೊಂಡು ಬೂಷ್ಟು ಬರುತ್ತದೆ.