ಚಳಿ ಊರಿನ ಆಫೀಸಿಗೆ ಜನವರಿಯಲ್ಲೂ ಸೆಕೆ

ಹಸಿರು ಕಟ್ಟಡ ಎಂದರೆ ಗೋಡೆ ತುಂಬ ಬಳ್ಳಿ, ತಾರಸಿ ತುಂಬ ಸೋಲಾರ್ ಫಲಕ. ಜಾಹೀರಾತುಗಳು ನಮಗೆ ಇದನ್ನೇ ಕಲಿಸಿಬಿಟ್ಟಿವೆ. ಬಳ್ಳಿ ಚೆಂದ, ಸೋಲಾರ್ ಕೂಡ ಬೇಕು. ಆದರೆ ಊರಿನ ನಟ್ಟನಡುವೆ ಸಾವಿರಾರು ಜನ ಕೂತು ಕೆಲಸ ಮಾಡುವ ಕಚೇರಿಯ ನಿಜವಾದ ಕಷ್ಟ ಬೇರೆ. ಒಳಗೆ ಹುಟ್ಟುವ ಶಾಖವನ್ನು ಹೊರಗೆ ಸಾಗಿಸಬೇಕು. ಅದೂ ಕಡಿಮೆ ಕರೆಂಟಿನಲ್ಲಿ.

ಲಂಡನ್ನಿನಂಥ ಚಳಿ ಊರಲ್ಲೂ ಇದೇ ಕಷ್ಟ. ನಂಬೋದು ಕಷ್ಟ ಅಲ್ವಾ? ಸುಮ್ನೆ ಒಂದು ಲೆಕ್ಕ ಹಾಕಿ. ಕುರ್ಚಿಯಲ್ಲಿ ಕೂತ ಒಬ್ಬರ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಬರುತ್ತದೆ. 4,000 ಜನರಿದ್ದರೆ 400 ಕಿಲೋವ್ಯಾಟ್ ಆಯಿತು. ಕಂಪ್ಯೂಟರು, ದೀಪಗಳ ಬಿಸಿ ಬೇರೆ. ಇನ್ನು ಕಟ್ಟಡ ದೊಡ್ಡದಾದಂತೆ ಒಳಗಿನ ಜಾಗ ಬೆಳೆಯುವಷ್ಟು ಬೇಗ ಹೊರಗೋಡೆ ಬೆಳೆಯುವುದಿಲ್ಲ. ತಟ್ಟೆಗೆ ಹರಡಿದ ಅನ್ನ ಬೇಗ ಆರುತ್ತದೆ, ಡಬರಿಯ ನಡುವಿನ ಅನ್ನ ಬಿಸಿಯಾಗೇ ಇರುತ್ತದೆ. ಹಾಗಾಗಿ ಕಿಟಕಿಯಿಂದ ದೂರ ಕೂತವರಿಗೆ ಜನವರಿಯಲ್ಲೂ ತಂಪು ಬೇಕಾಗುತ್ತದೆ.

ಹಣಕಾಸು ಮಾಹಿತಿಯ ತಂತ್ರಾಂಶ ಮಾರುವ ಬ್ಲೂಮ್‌ಬರ್ಗ್ ಕಂಪನಿ ಲಂಡನ್ನಿನ ಹಳೇ ವ್ಯಾಪಾರ ಕೇಂದ್ರದಲ್ಲಿ ತನ್ನ ಯುರೋಪಿನ ಮುಖ್ಯ ಕಚೇರಿ ಕಟ್ಟಿದಾಗ ಎದುರಾದದ್ದೂ ಇದೇ. ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರ ಸಂಸ್ಥೆಯ ವಿನ್ಯಾಸ. 3.2 ಎಕರೆ ಜಾಗ. 2017ರ ಅಕ್ಟೋಬರಿನಲ್ಲಿ ತೆರೆಯಿತು, ಮರುವರ್ಷ ಬ್ರಿಟನ್ನಿನ ಸ್ಟರ್ಲಿಂಗ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಅಲ್ಲಿ ನನಗೆ ಅತಿ ಇಷ್ಟವಾದದ್ದು ಚಾವಣಿ. ತಲೆಯೆತ್ತಿದರೆ ಹೊಳೆಯುವ ಅಲ್ಯೂಮಿನಿಯಂ ಎಸಳುಗಳು. ಒಟ್ಟು 25 ಲಕ್ಷ! ನೋಡಿದವರು ಅಲಂಕಾರ ಅಂದುಕೊಳ್ಳುತ್ತಾರೆ. ಆದರೆ ಒಂದೊಂದು ಎಸಳೂ ದುಡಿಯುತ್ತಿದೆ. ಎಸಳುಗಳ ನಡುವಿನ ಎಲ್‌ಇಡಿ ಬೆಳಕನ್ನು ಅವು ಚದುರಿಸುತ್ತವೆ. ಗದ್ದಲವನ್ನು ತಗ್ಗಿಸುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಚಾವಣಿಯ ಪೈಪುಗಳಲ್ಲಿ ಹರಿಯುವ ತಣ್ಣೀರಿಗೆ ಕೋಣೆಯ ಶಾಖವನ್ನು ದಾಟಿಸುತ್ತವೆ. ಸಪಾಟು ತಗಡಿಗಿಂತ ಎಸಳೆಸಳಾದ ಮೇಲ್ಮೈ ಎಷ್ಟೋ ಜಾಸ್ತಿ, ಅದಕ್ಕೇ ಆ ಆಕಾರ.

ನೀರೇ ಯಾಕೆ? ಮಾಮೂಲಿ ಎ.ಸಿ.ಯಲ್ಲಿ ತಂಪು ಸಾಗಿಸುವುದು ಗಾಳಿ. ಗಾಳಿ ಈ ಕೆಲಸಕ್ಕೆ ತೀರಾ ಅಸಮರ್ಥ. ಒಂದು ಘನ ಮೀಟರ್ ಗಾಳಿ ಒಂದು ಡಿಗ್ರಿ ಬಿಸಿಯಾಗುವಾಗ ಸುಮಾರು 1.2 ಕಿಲೋಜೂಲ್ ಶಾಖ ಹೀರುತ್ತದೆ. ಅಷ್ಟೇ ನೀರು ಹೀರುವುದು ಸುಮಾರು 4,200 ಕಿಲೋಜೂಲ್. ಮೂರೂವರೆ ಸಾವಿರ ಪಟ್ಟು! ದೊಡ್ಡ ದೊಡ್ಡ ಫ್ಯಾನು, ಆಳೆತ್ತರದ ಗಾಳಿಕೊಳವೆ ಮಾಡುವ ಕೆಲಸವನ್ನು ಬೆರಳು ದಪ್ಪದ ಪೈಪು ಮಾಡುತ್ತದೆ. ಗಾಳಿಗೆ ಆಗ ಉಳಿಯುವ ಕೆಲಸ ಒಂದೇ, ಉಸಿರಾಟ.

ಅದಕ್ಕೂ ಅಲ್ಲಿ ಒಳ್ಳೆ ಏರ್ಪಾಡಿದೆ. ಹೊರಗೋಡೆಗೆ ಎತ್ತರದ ಕಂಚಿನ ರೆಕ್ಕೆಗಳಿವೆ. ಹವೆ ಹಿತವಾಗಿದ್ದಾಗ ಅವುಗಳ ಮೂಲಕ ಗಾಳಿ ಒಳಗೆ ಬರುತ್ತದೆ, ಬಿಸಿಯಾಗಿ ಮೇಲೇರಿ ನಡುವಿನ ತೆರೆದ ಅಂಗಳದ ಮಾಡಿನಿಂದ ಹೊರಹೋಗುತ್ತದೆ. ಉಳಿದ ಕಾಲದಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯುವ ಸೆನ್ಸರುಗಳು ಎಲ್ಲಿ ಎಷ್ಟು ಜನರಿದ್ದಾರೆ ಎಂದು ಅಂದಾಜಿಸುತ್ತವೆ. ಅಷ್ಟೇ ಗಾಳಿ ಅಲ್ಲಿಗೆ ಹೋಗುತ್ತದೆ. ಖಾಲಿ ಮೀಟಿಂಗ್ ರೂಮಿಗೆ ಗಾಳಿ ಊದುವ ದಂಡ ಖರ್ಚು ತಪ್ಪಿತು.

ಹಾಗಂತ ಇದನ್ನು ಹಾಗೇ ತಂದು ಮಂಗಳೂರಿನಲ್ಲಿ ಕೂರಿಸಲಾಗದು. ತೇವದ ಗಾಳಿ ತಣ್ಣನೆ ಚಾವಣಿಗೆ ತಾಗಿದರೆ ಹನಿಗಟ್ಟಿ ತಲೆಮೇಲೆ ತೊಟ್ಟಿಕ್ಕುತ್ತದೆ. ಮೊದಲು ಗಾಳಿಯ ತೇವ ತೆಗೆಯಬೇಕು, ಕಿಟಕಿ ಮುಚ್ಚಿರಬೇಕು. ಬೆಂಗಳೂರಿನ ಇನ್ಫೋಸಿಸ್ ಈ ದಾರಿಯಲ್ಲಿ ಆಗಲೇ ನಡೆದಿದೆ. 2011ರ ಸುಮಾರಿಗೆ ಹೈದರಾಬಾದಿನ ತನ್ನ ಕಟ್ಟಡವೊಂದರ ಅರ್ಧಕ್ಕೆ ಮಾಮೂಲಿ ಎ.ಸಿ., ಇನ್ನರ್ಧಕ್ಕೆ ಕಾಂಕ್ರೀಟಿನೊಳಗೆ ತಣ್ಣೀರಿನ ಪೈಪು ಹಾಕಿ ಅಳೆದು ನೋಡಿತು. ತಣ್ಣೀರಿನ ಭಾಗವನ್ನು ತಂಪಾಗಿಡಲು ಮೂರನೇ ಒಂದು ಭಾಗದಷ್ಟು ಕಡಿಮೆ ವಿದ್ಯುತ್ ಸಾಕಾಯಿತು. ಇಂಥ ಪ್ರಯೋಗ ನಮ್ಮ ಪಠ್ಯಪುಸ್ತಕಗಳಿಗೆ ಬರಬೇಕು.

ಆದರೆ ಬಳಸುವ ಕರೆಂಟಿನ ಲೆಕ್ಕವೊಂದೇ ಸಾಲದು, ಎಷ್ಟು ಸಲ ಕೆಡವಿ ಕಟ್ಟುತ್ತೇವೆ ಎಂಬುದೂ ಲೆಕ್ಕಕ್ಕೆ ಬರಬೇಕು. ಆ ಲಂಡನ್ ಜಾಗದ ಚರಿತ್ರೆಯೇ ಇದಕ್ಕೆ ಸಾಕ್ಷಿ. 1954ರಲ್ಲಿ ಅಲ್ಲಿ ಬಕ್ಲರ್ಸ್‌ಬರಿ ಹೌಸ್ ಎಂಬ ಕಚೇರಿಗೆ ತಳಪಾಯ ತೋಡುವ ಹೊತ್ತಿಗೆ ರೋಮನ್ನರು ಪೂಜಿಸುತ್ತಿದ್ದ ಮಿತ್ರಾಸ್ ಎಂಬ ದೇವರ ದೇವಾಲಯ ಸಿಕ್ಕಿತು. ನೋಡಲು ಲಕ್ಷಾಂತರ ಜನ ಸಾಲುಗಟ್ಟಿದರು. ಅರ್ಧ ಶತಮಾನ ಕಳೆದು ಆ ಕಚೇರಿಯನ್ನು ಕೆಡವಿ ಮತ್ತೆ ಅಗೆದಾಗ 400ಕ್ಕೂ ಹೆಚ್ಚು ಮರದ ಬರಹದ ಹಲಗೆಗಳು ಸಿಕ್ಕವು. ವಾಲ್‌ಬ್ರೂಕ್ ಎಂಬ ಹಳೇ ತೊರೆಯ ಹಸಿ ಕೆಸರಿನಲ್ಲಿ ಆಮ್ಲಜನಕ ಇಲ್ಲದ್ದರಿಂದ ಅವು ಕೊಳೆತಿರಲಿಲ್ಲ. ಅವುಗಳಲ್ಲೊಂದು ಕ್ರಿ.ಶ. 57ರ ಜನವರಿ 8ರ ಸಾಲಪತ್ರ. ಟಿಬುಲ್ಲಸ್ ಎಂಬವನು ಗ್ರಾಟಸ್ ಎಂಬವನಿಗೆ 105 ಡಿನೇರಿಯಸ್, ಅಂದರೆ ರೋಮನ್ ಬೆಳ್ಳಿ ನಾಣ್ಯ, ಕೊಡಬೇಕಂತೆ! ದೇವಾಲಯ ಈಗ ಹೊಸ ಕಚೇರಿಯ ಅಡಿಯಲ್ಲಿ, ರಸ್ತೆಯಿಂದ ಏಳು ಮೀಟರ್ ಕೆಳಗೆ, ಜನರ ನೋಟಕ್ಕಿದೆ.

ನಡುವೆ ಬಂದ ಬಕ್ಲರ್ಸ್‌ಬರಿ ಹೌಸನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಅದು ಕುಸಿದು ಬೀಳಲಿಲ್ಲ, ಕೆಡವಿದರು. ಪೇಟೆ ನಡುವಿನ ಬಹಳಷ್ಟು ಕಚೇರಿಗಳ ಹಣೆಬರಹ ಇದೇ. ಕಾಂಕ್ರೀಟು ಗಟ್ಟಿಯಾಗಿದ್ದರೂ ಹೊಸ ಕೆಲಸಕ್ಕೆ ಒಗ್ಗದೆ ಪ್ರಾಣ ಬಿಡುತ್ತವೆ. ಸಿಮೆಂಟಿಗಾಗಿ ಸುಣ್ಣದಕಲ್ಲು ಸುಡುವಾಗ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡೇ ಹೊರಬರುತ್ತದೆ. ಒಲೆಗೆ ಎಂಥ ಇಂಧನ ಹಾಕಿದರೂ ಅದು ತಪ್ಪದು. ಐವತ್ತು ವರ್ಷಕ್ಕೊಮ್ಮೆ ಕೆಡವಿ ಕಟ್ಟಿದರೆ ಪ್ರತಿ ಸಲವೂ ಆ ಇಂಗಾಲದ ಸಾಲ ಹೊಸದಾಗಿ ಏರುತ್ತದೆ. ಹೊಸ ಕಚೇರಿಯಲ್ಲಿ ಲಿಫ್ಟುಗಳನ್ನೂ ಪೈಪುಗಳ ಗೂಡುಗಳನ್ನೂ ಅಂಚಿಗೆ ತಳ್ಳಿ ನಡುವೆ ವಿಶಾಲ ಜಾಗ ಬಿಟ್ಟಿರುವುದು ಇದಕ್ಕೇ ಮುಖ್ಯ. ನಾಳೆ ಯಾರಾದರೂ ಬಂದು ತಮಗೆ ಬೇಕಾದಂತೆ ಮೇಜು, ಗೋಡೆ ಜೋಡಿಸಿಕೊಳ್ಳಬಹುದು.

ಹಸಿರು ಕಟ್ಟಡಗಳನ್ನು ಅಳೆಯುವ ಬ್ರೀಯಾಮ್ ಪದ್ಧತಿ ಈ ಕಚೇರಿಗೆ ವಿನ್ಯಾಸದ ಹಂತದಲ್ಲೇ ನೂರಕ್ಕೆ 98.5 ಅಂಕ ಕೊಟ್ಟಿತು. ಆದರೆ ಜಪಾನಿನಿಂದ ಬಂದ 600 ಟನ್ ಕಂಚು, ನಮ್ಮ ದೇಶದಿಂದ ಹೋದ ಗ್ರಾನೈಟು ಅಂಕಪಟ್ಟಿಯಲ್ಲಿ ಸರಿಯಾಗಿ ತೂಗಿದವೇ? ಹಲವರು ಆಗಲೇ ಆಕ್ಷೇಪಿಸಿದ್ದರು. ಅವರ ಮಾತು ನನಗೂ ಸರಿ ಕಾಣುತ್ತದೆ. ಆ ನಗರದ ಕಟ್ಟಡಗಳಿಗೆ ನಿಯಮ ಹಾಕುವ 2021ರ ‘ಲಂಡನ್ ಯೋಜನೆ’ ಈಗ ದೊಡ್ಡ ಕಟ್ಟಡಗಳಿಗೆ ಕಲ್ಲು ಅಗೆಯುವುದರಿಂದ ಹಿಡಿದು ಕೆಡವುವವರೆಗಿನ ಇಂಗಾಲದ ಲೆಕ್ಕವನ್ನು ಮೊದಲೇ ಕೇಳುತ್ತದೆ. ನಮ್ಮ ಊರುಗಳ ನಕ್ಷೆ ಮಂಜೂರಾತಿಯಲ್ಲೂ ಈ ಕಾಗದ ಕೇಳುವಂತಾಗಬೇಕು.