ಕಾರವಾರದ ಬೀದಿಯಲ್ಲಿ ಗಿಡ ನೆಟ್ಟು ಸಾಕುವುದು: ತರಬೇತಿಯ ಟಿಪ್ಪಣಿ

ನಮ್ಮ ಕೇರಿಯ ಹದಿನೈದು ಜನ ನಾಲ್ಕು ಭಾನುವಾರ ಕೂತು ಬೀದಿ ಮರ ಬೆಳೆಸುವುದನ್ನು ಕಲಿತೆವು. ಕಲಿಸಿದವರು ನರ್ಸರಿ ಕೆಲಸದಲ್ಲೇ ವಯಸ್ಸು ಕಳೆದ ಒಬ್ಬ ನಿವೃತ್ತ ಅರಣ್ಯ ಸಿಬ್ಬಂದಿ. ನಡುವೆ ಒಂದೆರಡು ವಾರ ಬರಲಾಗದವರು ನೋಟ್ಸ್ ಕೇಳಿದ್ದರು. ಅವರಿಗೂ, ಮುಂದಿನ ತಂಡಕ್ಕೆ ಸೇರುವವರಿಗೂ ಇದು.

ಮೊದಲ ದಿನವೇ ಅವರು ಒಂದು ಪ್ರಶ್ನೆ ಕೇಳಿದರು. "ನಮ್ಮೂರಲ್ಲಿ ನೆಟ್ಟ ಗಿಡ ಯಾಕೆ ಸಾಯ್ತದೆ?" ಎಲ್ಲರೂ ಬೇಸಿಗೆ, ದನ, ಆಡು ಅಂದೆವು. ಅವರು ತಲೆಯಾಡಿಸಿ, "ಅದೆಲ್ಲ ಹೌದು. ಆದ್ರೆ ಅರ್ಧ ಗಿಡ ಮಳೆಗಾಲದಲ್ಲೇ ಮುಳುಗಿ ಸತ್ತಿರ್ತದೆ. ನಿಮಗೆ ಅದು ಗೊತ್ತಾಗೋದು ದೀಪಾವಳಿಗೆ," ಅಂದರು. ಇಡೀ ತರಬೇತಿ ಈ ಮಾತಿನ ಸುತ್ತವೇ ನಡೆಯಿತು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಬಿಡುತ್ತದೆ. ಅಕ್ಟೋಬರಿನ ಒಂದಿಷ್ಟು ಮಳೆ ಬಿಟ್ಟರೆ ಆಮೇಲೆ ಮೇ ತನಕ ಹೇಳಿಕೊಳ್ಳುವಂಥ ಮಳೆ ಇಲ್ಲ. ಅಂದರೆ ಒಂದೇ ಗಿಡ ನಾಲ್ಕು ತಿಂಗಳು ಜಾಸ್ತಿ ನೀರನ್ನೂ, ಏಳೆಂಟು ತಿಂಗಳು ಬಾಯಾರಿಕೆಯನ್ನೂ ತಾಳಬೇಕು. ಗುಂಡಿ, ಪಾತಿ, ಬುಡಕ್ಕೆ ಹಾಸುವ ಮುಚ್ಚಿಗೆ ಎಲ್ಲವನ್ನೂ ಈ ಎರಡಕ್ಕೂ ಹೊಂದುವ ಹಾಗೆ ಮಾಡುವುದೇ ಇಲ್ಲಿ ಕಲಿಯುವ ವಿದ್ಯೆ.

ಗುಂಡಿ

ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ ಎಂದು ನಾವೆಲ್ಲ ಕೇಳಿದ್ದೇವೆ. ಗಟ್ಟಿ ನೆಲದಲ್ಲಿ ಅದು ತಪ್ಪೇನಲ್ಲ. ಆದರೆ ಚಿರೆಕಲ್ಲಿನ ನೆಲದಲ್ಲಿ ಹಾರೆಯಿಂದ ನೀಟಾಗಿ ಚೌಕ ತೆಗೆದರೆ ಅದು ಗುಂಡಿಯಲ್ಲ, ತೊಟ್ಟಿ. ಗೋಡೆ ನುಣುಪಾಗಿ ಗಟ್ಟಿಯಾಗಿರುತ್ತದೆ, ಬೇರು ಆಚೆ ಹೋಗುವುದಿಲ್ಲ, ನೀರೂ ಹೋಗುವುದಿಲ್ಲ. ಅದಕ್ಕೆ ಪಿಕಾಸಿಯಿಂದ ನಾಲ್ಕೂ ಬದಿಯನ್ನು ಒರಟಾಗಿ ಒಡೆದುಬಿಡಬೇಕು. ಆಳಕ್ಕಿಂತ ಅಗಲ ಮುಖ್ಯ. ಮರದ ಬೇರು ತುಂಬ ಆಳಕ್ಕೆ ಇಳಿಯುತ್ತದೆ ಅನ್ನುವುದು ನಮ್ಮ ಕಲ್ಪನೆ. ನೀರು, ಗೊಬ್ಬರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡಡಿ ಮಣ್ಣಲ್ಲೇ ಹರಡಿಕೊಂಡಿರುತ್ತವೆ.

ಪರೀಕ್ಷೆ ಸುಲಭ. ಸಂಜೆ ಗುಂಡಿಗೆ ಎರಡು ಕೊಡ ನೀರು ಸುರಿಯಿರಿ. ಬೆಳಿಗ್ಗೆ ನೀರು ಅಲ್ಲೇ ನಿಂತಿದ್ದರೆ ಜಾಗ ಬದಲಿಸಿ. ಬದಲಿಸಲು ಆಗದಿದ್ದರೆ ಗುಂಡಿಯನ್ನು ತುಂಬಿ, ನೆಲದಿಂದ ಅರ್ಧ ಅಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಿ. ಕಡಲಬದಿಯ ಹೊಯ್ಗೆ (ಮರಳು) ನೆಲದಲ್ಲಿ ಸಮಸ್ಯೆ ಉಲ್ಟಾ, ನೀರು ನಿಲ್ಲುವುದೇ ಇಲ್ಲ. ಅಲ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಸ್ವಲ್ಪ ಕೆಮ್ಮಣ್ಣು ಬೆರೆಸಬೇಕು.

ಕೊಟ್ಟೆ ಬಿಚ್ಚುವುದು

ಇದನ್ನು ಅವರು ನಮ್ಮ ಮುಂದೆಯೇ ಮಾಡಿ ತೋರಿಸಿದರು. ಒಂದು ರಂಜಲದ (ಬಕುಳ) ಗಿಡ. ನೋಡಲು ಚೆಂದ, ಸೊಂಟದೆತ್ತರ, ಎಲೆ ಮಿರಿಮಿರಿ. ಬ್ಲೇಡಿನಿಂದ ನರ್ಸರಿಯ ಪ್ಲಾಸ್ಟಿಕ್ ಕೊಟ್ಟೆಯನ್ನು ಮೇಲಿನಿಂದ ಕೆಳಕ್ಕೆ ಸೀಳಿ ಸುಲಿದರು. ಒಳಗೆ ಬೇರು ಮಣ್ಣಿನ ಮುದ್ದೆಯನ್ನು ಹಗ್ಗದ ಹಾಗೆ ಸುತ್ತಿಕೊಂಡಿತ್ತು. ತಳದಲ್ಲಿ ತಾಯಿಬೇರು ಎರಡು ಸುತ್ತು ಹಾಕಿ ಕೂತಿತ್ತು. "ಇದನ್ನ ಹೀಗೇ ಇಟ್ರೆ ಹತ್ತು ವರ್ಷ ಸುಮ್ನೆ ಇರ್ತದೆ. ಆಮೇಲೆ ಅದೇ ಬೇರು ದಪ್ಪ ಆಗಿ ಬುಡವನ್ನೇ ಬಿಗೀತದೆ. ಒಂದು ಗಾಳಿಗೆ ಮರ ಬುಡಸಮೇತ ಉರುಳ್ತದೆ," ಅಂದರು. ಸುತ್ತಿದ ಬೇರನ್ನು ಬೆರಳಿಂದ ಬಿಡಿಸಿದರು. ಬಿಡಿಸಲು ಬಾರದ್ದನ್ನು ಚೂಪಾದ ಕತ್ತರಿಯಿಂದ ಒಂದೇ ಏಟಿಗೆ ಕತ್ತರಿಸಿದರು. ಗಿಡಕ್ಕೆ ನೋವಾಗುವುದಿಲ್ಲವಾ ಎಂದು ನಮ್ಮ ಅಕ್ಕೋರು ಕೇಳಿದರು. "ಈಗಿನ ಗಾಯ ಒಂದು ತಿಂಗಳಲ್ಲಿ ಮಾಯ್ತದೆ ಅಕ್ಕೋರೇ," ಅಂತ ಉತ್ತರ ಬಂತು.

ಅದಾದ ಮೇಲೆ ಅವರು ತೋರಿಸಿದ್ದು ಬುಡದ ಕೊರಳು. ಕಾಂಡ ಕೆಳಗೆ ಸ್ವಲ್ಪ ಅಗಲವಾಗಿ, ಮೊದಲ ಬೇರು ಹೊರಡುವ ಜಾಗ ಇದೆಯಲ್ಲ, ಅದು. ಆ ಕೊರಳು ನೆಲದ ಮಟ್ಟಕ್ಕೆ ಸರಿಯಾಗಿ ಇರಬೇಕು, ಒಂದಿಂಚು ಮೇಲಿದ್ದರೂ ಒಳ್ಳೆಯದೇ. ಕೊಟ್ಟೆಯ ಮಣ್ಣಲ್ಲೇ ಅದು ಹೂತುಹೋಗಿರುವುದೂ ಉಂಟು. ಆಗ ಮೇಲಿನ ಮಣ್ಣು ಕೆರೆದು ಹುಡುಕಬೇಕು. ಕಾಂಡದ ತೊಗಟೆ ಗಾಳಿಗೆ ಇರಬೇಕಾದದ್ದು. ಮಣ್ಣಲ್ಲಿ ಹೂತರೆ ನಮ್ಮ ಮಳೆಗೆ ಎರಡೇ ತಿಂಗಳಲ್ಲಿ ಮೆತ್ತಗಾಗಿ ಕೊಳೆಯುತ್ತದೆ.

ಇದನ್ನು ಕೇಳುವಾಗ ನನಗೆ ಗಂಟಲು ಕಟ್ಟಿತು. ಎರಡು ವರ್ಷದ ಹಿಂದೆ ಮನೆಯ ಎದುರು ನೆಟ್ಟ ಹೊಂಗೆ ಗಿಡಕ್ಕೆ, ಗಾಳಿಗೆ ಬೀಳದಿರಲಿ ಎಂದು ನಾನೇ ಗೇಣುದ್ದ ಮಣ್ಣು ಏರಿಸಿದ್ದೆ. ಆಗಸ್ಟಿನಲ್ಲಿ ಎಲೆ ಹಳದಿಯಾಯಿತು. ನೀರು ಸಾಲದೇನೋ ಎಂದು ಮತ್ತಷ್ಟು ನೀರು ಹಾಕಿದೆ. ಕಿತ್ತು ನೋಡಿದಾಗ ಬುಡದ ತೊಗಟೆ ಕೈಗೇ ಸುಲಿದು ಬಂದಿತ್ತು.

ಗುಂಡಿಯನ್ನು ಬೇಕಾದ್ದಕ್ಕಿಂತ ಆಳ ತೋಡಿ ಸಡಿಲ ಮಣ್ಣು ತುಂಬಿ ಅದರ ಮೇಲೆ ಗಿಡ ಇಟ್ಟರೂ ಇದೇ ಗತಿ. ಮಳೆಗೆ ಮಣ್ಣು ಇಳಿಯುತ್ತದೆ, ಜೊತೆಗೆ ಗಿಡವೂ ಇಳಿದು ಕೊರಳು ಮುಚ್ಚುತ್ತದೆ. ಆದ್ದರಿಂದ ತಳದ ಮಣ್ಣನ್ನು ಕಾಲಿನಿಂದ ತುಳಿದು ಗಟ್ಟಿ ಮಾಡಿಯೇ ಗಿಡ ಇಡಬೇಕು.

ಯಾವಾಗ

ವನಮಹೋತ್ಸವ 1950ರಲ್ಲಿ ಕೆ.ಎಂ. ಮುನ್ಶಿಯವರ ಕಾಲದಲ್ಲಿ ಶುರುವಾದದ್ದು, ಜುಲೈ ಮೊದಲ ವಾರ. ದೇಶದ ಬಹಳ ಕಡೆಗೆ ಅದು ಸರಿಯಾದ ಹೊತ್ತು. ನಮ್ಮಲ್ಲಿ ಜುಲೈ ಅಂದರೆ ಮಳೆ ಎಡೆಬಿಡದೆ ಹೊಯ್ಯುವ ತಿಂಗಳು, ಗುಂಡಿಯಲ್ಲಿ ಕೆಸರು. ಜೂನ್‌ನಲ್ಲಿ ನಾಲ್ಕೈದು ಒಳ್ಳೆ ಮಳೆ ಬಿದ್ದು ನೆಲ ನೆಂದ ಕೂಡಲೇ ನೆಡುವುದು ಉತ್ತಮ ಎನ್ನುವುದು ನಮ್ಮ ಗುರುಗಳ ಅನುಭವ. ಬೇರು ಊರಲು ಗಿಡಕ್ಕೆ ಅಷ್ಟು ಹೆಚ್ಚು ದಿನ ಸಿಗುತ್ತದೆ. ನನಗೂ ಇದೇ ಸರಿ ಅನಿಸುತ್ತದೆ.

ಯಾವ ಗಿಡ

ಉಪ್ಪುಗಾಳಿ ತಾಗುವ ಕಡೆ ಹೊನ್ನೆ, ಹೊಂಗೆ, ಕಾಡುಬಾದಾಮಿ. ಒಳಗಿನ ಬೀದಿಗೆ ರಂಜಲ, ನೇರಳೆ, ಹೊಳೆದಾಸವಾಳ. ಕರೆಂಟಿನ ತಂತಿ ಇರುವ ಕಡೆ ಪಾರಿಜಾತ, ಬಿಳಿ ಮಂದಾರದಂಥ ಗಿಡ್ಡ ಜಾತಿ ಮಾತ್ರ. ತಂತಿಯ ಕೆಳಗೆ ನೇರಳೆ ನೆಟ್ಟರೆ ಅದರ ತಲೆ ಪ್ರತಿವರ್ಷ ಕಡಿಯಬೇಕಾಗುತ್ತದೆ, ಅದು ಗಿಡಕ್ಕೆ ಮಾಡುವ ಅನ್ಯಾಯ. ಗುಲ್‌ಮೊಹರ್ ಹೂವು ಎಷ್ಟೇ ಚೆಂದವಿದ್ದರೂ ಬೇರು ಮೇಲ್ಮಟ್ಟದ್ದು, ಕೊಂಬೆ ಪೆಡಸು. ಪಡುಗಾಳಿಯ ಬೀದಿಗೆ ಬೇಡ. ನಮ್ಮ ಕಾಜುಬಾಗದ ಹೆಸರಲ್ಲೇ ಗೇರುತೋಟ ಇದೆ, ಹಾಗಾಗಿ ಅಲ್ಲಿಯ ತಂಡದವರು ಖಾಲಿ ಜಾಗಕ್ಕೆ ನಾಲ್ಕು ಗೇರು ಹಾಕುತ್ತೇವೆ ಅಂದಿದ್ದಾರೆ. ನನಗೆ ಅದು ತುಂಬ ಇಷ್ಟವಾಯಿತು.

ಕಟ್ಟುವುದು, ಮುಚ್ಚುವುದು, ನೀರು

ಮಳೆಗಾಲದ ಗಾಳಿ ಪಶ್ಚಿಮ, ನೈರುತ್ಯದಿಂದ ಬರುತ್ತದೆ. ಗೂಟ ಆ ಬದಿಗೇ ಇರಲಿ, ಆಗ ಗಿಡ ಗೂಟಕ್ಕೆ ಬಡಿಯುವುದಿಲ್ಲ. ಹಳೆ ಸೀರೆಯ ಪಟ್ಟಿಯನ್ನು ಎಂಟರ ಆಕಾರದಲ್ಲಿ ಸಡಿಲವಾಗಿ, ಕೆಳಗೇ ಕಟ್ಟಬೇಕು. ಗಿಡ ಸ್ವಲ್ಪ ತೂಗಾಡಬೇಕು, ತೂಗಾಡಿದರೇ ಕಾಂಡ ದಪ್ಪವಾಗುವುದು. ತಂತಿ, ನೈಲಾನ್ ಹಗ್ಗ ಬೇಡವೇ ಬೇಡ. ಒಂದು ವರ್ಷದ ಮೇಲೆ ಬಿಚ್ಚಿಬಿಡಿ.

ಬುಡಕ್ಕೆ ದರಕು (ಉದುರಿದ ಒಣ ಎಲೆ) ಅಥವಾ ತೆಂಗಿನ ಸಿಪ್ಪೆ ಮೂರು ಇಂಚು ದಪ್ಪ ಹಾಸಿ, ಕಾಂಡದಿಂದ ನಾಲ್ಕು ಬೆರಳು ದೂರ.

ಪಾತಿಯ ವಿಷಯ ಚೆನ್ನಾಗಿ ತಿಳಿದುಕೊಳ್ಳಿ. ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ಕೊನೆಗೆ, ಕೊಂಬೆ ಹರಡಿದಷ್ಟು ಅಗಲಕ್ಕೆ ಪಾತಿ ಕಟ್ಟಬೇಕು. ದಿನಾ ಒಂದು ಚೊಂಬು ಹಾಕಿದರೆ ಮೇಲಿನ ಮಣ್ಣಷ್ಟೇ ಒದ್ದೆಯಾಗಿ, ಬೇರು ಅಲ್ಲೇ ಮೇಲೆ ಬರುತ್ತದೆ. ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೆ ಎರಡು ಬಕೆಟ್, ನಿಧಾನವಾಗಿ. ತಳಕ್ಕೆ ಸಣ್ಣ ತೂತು ಮಾಡಿದ ಹಳೆ ಬಕೆಟ್ ಇಟ್ಟರೆ ನೀವು ನಿಲ್ಲಬೇಕಾಗಿಲ್ಲ. ಹೀಗೆ ಕನಿಷ್ಠ ಎರಡು ಬೇಸಿಗೆ, ಸಾಧ್ಯವಾದರೆ ಮೂರು. ಜೂನ್ ಬಂದ ಕೂಡಲೇ ಅದೇ ಪಾತಿಯ ಏರಿಯನ್ನು ತಗ್ಗಿನ ಬದಿಗೆ ಒಡೆದು ನೀರಿಗೆ ದಾರಿ ಬಿಡಬೇಕು. ಇದನ್ನೇ ಎಲ್ಲರೂ ಮರೆಯುವುದು.

ನೀರು ಹಾಕುವವರ ಕಷ್ಟವೂ ಚರ್ಚೆಗೆ ಬಂತು. ಏಪ್ರಿಲ್, ಮೇ ತಿಂಗಳಲ್ಲೇ ಗಿಡಕ್ಕೆ ನೀರು ಜಾಸ್ತಿ ಬೇಕು. ಮಕ್ಕಳಿಗೆ ರಜೆ ಎಂದು ನಾವು ಅಜ್ಜಿಮನೆಗೆ, ಮದುವೆ ಮನೆಗೆ ಹೋಗುವುದೂ ಆಗಲೇ. ಅದಕ್ಕೆ ಒಂದು ಗಿಡಕ್ಕೆ ಎರಡು ಮನೆ ಎಂದು ಹಂಚಿಕೊಂಡಿದ್ದೇವೆ. ಒಬ್ಬರು ಊರಿಗೆ ಹೋದರೆ ಇನ್ನೊಬ್ಬರು. ಪ್ರತಿ ಗಿಡಕ್ಕೂ ನಂಬರ್, ಒಂದೇ ಪಟ್ಟಿ ಪುಸ್ತಕ.

ಕೊಂಬೆ ಸವರುವುದು

ಸ್ವಯಂಸೇವಕರು ನೆಲದ ಮೇಲೆ ನಿಂತು ಕೈಗರಗಸಕ್ಕೆ ಎಟಕುವಷ್ಟು ಮಾತ್ರ ಮುಟ್ಟಬೇಕು. ಏಣಿ ಹತ್ತುವುದು, ತಂತಿಯ ಹತ್ತಿರದ ಕೊಂಬೆ ನಮ್ಮದಲ್ಲ. ದಪ್ಪ ಕೊಂಬೆಗೆ ಮೂರು ಕೊಯ್ತ: ಮೊದಲು ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಸ್ವಲ್ಪ, ಆಮೇಲೆ ಅದಕ್ಕಿಂತ ಎರಡು ಇಂಚು ಆಚೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ಮೋಟನ್ನು ಕೊಂಬೆಯ ಬುಡದ ಉಬ್ಬಿನ ಹೊರಗೆ. ಕೆಳಗಿನ ಕೊಯ್ತ ಇಲ್ಲದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಆ ಉಬ್ಬನ್ನು ಕೊಯ್ಯಬೇಡಿ, ಗಾಯ ಮುಚ್ಚುವುದು ಅಲ್ಲಿಂದಲೇ. ಡಾಂಬರು, ಪೇಂಟು ಬಳಿಯುವುದರಿಂದ ಉಪಯೋಗವಿಲ್ಲ.

ಇನ್ನೊಂದು ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯುವುದು ಅಂದರೆ ಬುಡ ಕಡಿಯುವುದಷ್ಟೇ ಅಲ್ಲ, ಕೊಂಬೆ ಬೋಳಿಸುವುದೂ ಅದರಲ್ಲಿ ಬರುತ್ತದೆ. ಬೀದಿ ಮರಕ್ಕೆ ಗರಗಸ ಇಡುವ ಮೊದಲು ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಗೆ ಅರ್ಜಿ ಕೊಟ್ಟು ಒಪ್ಪಿಗೆ ಪಡೆಯಿರಿ. ನ್ಯೂಯಾರ್ಕ್ ನಗರದಲ್ಲಿ ತರಬೇತಿ ಮುಗಿಸಿದ ಸಾಮಾನ್ಯ ಜನರಿಗೇ ಬೀದಿ ಮರ ಸವರಲು ಲೈಸೆನ್ಸ್ ಕೊಡುತ್ತಾರೆ. ನಮ್ಮಲ್ಲೂ ಅಂಥದ್ದು ಬರಬೇಕು ಎಂದು ನನಗೆ ಬಹಳ ಆಸೆ. 1983ರಲ್ಲಿ ಶಿರಸಿಯ ಸಾಲ್ಕಣಿಯವರು ಮರ ಕಡಿಯದಂತೆ ಅಪ್ಪಿಕೊಂಡು ನಿಂತ ಜಿಲ್ಲೆ ಇದು. ಆ ಅಪ್ಪಿಕೋ ಚಳವಳಿಯವರು "ಉಳಿಸು, ಬೆಳೆಸು, ಬಳಸು" ಎಂದು ಹೇಳಿಕೊಟ್ಟ ಮೂರು ಮಾತಿನಲ್ಲಿ ಪೇಟೆಯ ನಾವು ಈಗ ಎರಡನೆಯದನ್ನು ಕಲಿಯುತ್ತಿದ್ದೇವೆ.

ಈ ಭಾನುವಾರದ ಕೆಲಸ: ಹೋದ ವರ್ಷದ ಹನ್ನೊಂದು ಗಿಡಗಳ ಪಾತಿ ಒಡೆಯುವುದು, ಕಟ್ಟು ಬಿಚ್ಚುವುದು, ಎಲ್ಲದರ ಕೊರಳು ಕಾಣುತ್ತಿದೆಯೇ ನೋಡುವುದು. ಗುದ್ದಲಿ ಮೂರೇ ಇವೆ, ಮನೆಯಲ್ಲಿ ಗುದ್ದಲಿ ಇದ್ದವರು ತನ್ನಿ. ಮಳೆ ಬಂದರೂ ಏಳು ಗಂಟೆಗೆ ಬನ್ನಿ, ನೀರು ಎತ್ತ ಹರಿಯುತ್ತದೆ ಎಂದು ಆಗಲೇ ಸರಿಯಾಗಿ ಕಾಣುವುದು.